ಅಫಿಡವಿಟ್ ಅಲ್ಲ, ಬರೀ ಘೋಷಣೆ

ಕೋರ್ಟಿನ ಮೆಟ್ಟಿಲ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಕೂರುತ್ತಿದ್ದ ಟೈಪಿಸ್ಟಕ್ಕನಿಗೆ ಇಪ್ಪತ್ತಾರು ವರ್ಷದ ಅನುಭವ. ಅವಳ ಕೈಯಿಂದ ಹೋದ ಕಾಗದ ವಾಪಸ್ ಬರೋದಿಲ್ಲ ಅನ್ನುವುದು ಅಲ್ಲಿನವರ ಮಾತು. ಆ ಮಾತು ಅವಳ ಕಿವಿಗೂ ಬಿದ್ದಿತ್ತು, ಸ್ವಲ್ಪ ತಲೆಗೂ ಏರಿತ್ತು.

ಒಂದು ಸಂಜೆ ಅವಳು ಮೆಷಿನ್ನಿಗೆ ಮುಸುಕು ಹಾಕುವಷ್ಟರಲ್ಲಿ ಟೈಲರ್ ಹೆಂಗಸೊಬ್ಬಳು ಏದುಸಿರು ಬಿಡುತ್ತ ಬಂದಳು. ಮಗಳಿಗೆ ನರ್ಸಿಂಗ್ ಶಾಲೆಯಲ್ಲಿ ಸೀಟು ಸಿಕ್ಕಿತ್ತು. ಆದರೆ ಜನನ ದಾಖಲೆಯಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು. ಎರಡೂ ಒಬ್ಬಳದೇ ಎಂದು ಅಫಿಡವಿಟ್ ಕೊಡಬೇಕು; ನಾಳೆಯೇ ಕೊನೆ ದಿನ.

ಅಫಿಡವಿಟ್ ಅಂದರೆ ನೋಟರಿಯ ಮುಂದೆ ಪ್ರಮಾಣ ಮಾಡಿ, ಅವರ ಕಣ್ಣೆದುರೇ ಸಹಿ ಹಾಕಿ, ಮೊಹರು ಹಾಕಿಸಿಕೊಳ್ಳಬೇಕು. ಘೋಷಣಾ ಪತ್ರಕ್ಕೆ ಅದ್ಯಾವುದೂ ಬೇಡ. ಹೇಳಿದ್ದು ನಿಜ ಎಂದು ಬರೆದು ತಾನೇ ಸಹಿ ಹಾಕಿದರಾಯಿತು. ನೋಟರಿ ಆಗಲೇ ಬಾಗಿಲು ಹಾಕಿದ್ದರು. ಬೆಳಿಗ್ಗೆ ಬೇಗ ಬಾ ಅನ್ನಬಹುದಿತ್ತು. ಆದರೆ ಬಸ್ಸಿನ ಹೊತ್ತಾಗಿತ್ತು, ಟೈಪಿಸ್ಟಕ್ಕನಿಗೆ ಹೇಗೋ ಕೈತೊಳೆದುಕೊಂಡರೆ ಸಾಕಾಗಿತ್ತು.

"ಘೋಷಣಾ ಪತ್ರ ಹೊಡೆದುಕೊಡ್ತೀನಿ, ತಗೊಂಡು ಹೋಗಮ್ಮ."

"ಅವರು ಅಫಿಡವಿಟ್ ಅಂದಿದ್ರಲ್ಲ ಅಕ್ಕಾ?"

"ಎರಡೂ ಒಂದೇ. ನಾನೇನು ನಿನ್ನೆ ಮೊನ್ನೆ ಬಂದವಳಾ?"

ಬಸ್ಸಿನಲ್ಲಿ ಟೈಪಿಸ್ಟಕ್ಕನಿಗೆ ಕಿಟಕಿ ಪಕ್ಕದ ಸೀಟೇ ಸಿಕ್ಕಿತು. ಆದರೂ ದಾರಿಯುದ್ದಕ್ಕೂ ತಾನಾಡಿದ ಮಾತನ್ನೇ ಮೆಲುಕು ಹಾಕಿದಳು.

ನಾಲ್ಕನೇ ದಿನ ಟೈಲರ್ ಮತ್ತೆ ಬಂದಳು, ಆ ಕಾಗದ ಹಿಡಿದುಕೊಂಡೇ. ಶಾಲೆಯವರು ಅದನ್ನು ಒಪ್ಪಿರಲಿಲ್ಲ. ಗಡುವೂ ಮುಗಿದಿತ್ತು. ಜಗಳಕ್ಕೆ ಬಂದಿದ್ದರೆ ಚೆನ್ನಾಗಿತ್ತು.

"ನಾನು ಸಹಿ ಸರಿಯಾಗಿ ಹಾಕಿರಲಿಲ್ವಾ ಅಕ್ಕಾ?" ಎಂದಳು.

ಟೈಪಿಸ್ಟಕ್ಕ ಮೆಷಿನ್ನಿಗೆ ಹೊಸ ಹಾಳೆ ಏರಿಸಿದಳು. ತಾಯಿಯ ಹೆಸರಲ್ಲಿ ಒಂದು ಅಫಿಡವಿಟ್ ಹೊಡೆದಳು. ಆಮೇಲೆ ತನ್ನ ಹೆಸರಲ್ಲೂ ಒಂದು: 'ವ್ಯತ್ಯಾಸ ಗೊತ್ತಿದ್ದೂ ಈಕೆಗೆ ತಪ್ಪು ಹೇಳಿದವಳು ನಾನು.' ಇಬ್ಬರೂ ನೋಟರಿಯ ಬಳಿ ಹೋದರು.

ನೋಟರಿ ಕನ್ನಡಕ ಸರಿಸಿ ನೋಡಿದರು. "ಇದನ್ನ ಕೊಟ್ಟರೆ ನಾಳೆ ನಿಮ್ಮ ಹತ್ರ ಯಾರಮ್ಮಾ ಬರ್ತಾರೆ?"

"ಬರದಿದ್ರೆ ಬೇಡ ಸರ್." ಟೈಪಿಸ್ಟಕ್ಕ ಪ್ರಮಾಣ ಮಾಡಿ, ಅವರ ಕಣ್ಣೆದುರೇ ಸಹಿ ಹಾಕಿದಳು.

ಶಾಲೆಯ ಮುಖ್ಯಸ್ಥೆ ಎರಡನ್ನೂ ಓದಿದರು. "ಆ ಸೀಟು ಇನ್ನೊಬ್ಬಳಿಗೆ ಕೊಟ್ಟಾಯ್ತು. ಅವಳನ್ನ ಎಬ್ಬಿಸೋಕಾಗಲ್ಲ. ಮುಂದಿನ ವರ್ಷ ಪ್ರವೇಶ ಪರೀಕ್ಷೆ ಇಲ್ಲದೆ ತಗೋತೀವಿ, ಅಷ್ಟೇ."

"ಒಂದು ವರ್ಷ ತಾನೇ, ಬಿಡಿ ಅಕ್ಕಾ," ಅಂದಳು ಟೈಲರ್. ಜೊತೆಗೆ ಬಂದಿದ್ದ ಮಗಳು ಮುಖ ತಿರುಗಿಸಿಕೊಂಡು ಹೊರಗೆ ನಡೆದಳು.

ಆ ವರ್ಷವೆಲ್ಲ ಹುಡುಗಿ ಅಮ್ಮನ ಅಂಗಡಿಯಲ್ಲಿ ಗುಂಡಿ ಹೊಲಿದಳು. ಮರುವರ್ಷ ಶಾಲೆ ಸೇರಿದಳು. ಸುದ್ದಿ ಹೇಳಲು ಬಂದ ತಾಯಿಯನ್ನು ಟೈಪಿಸ್ಟಕ್ಕ ಕೇಳಿದಳು, "ಮಗಳು ಬರಲಿಲ್ವಾ?"

"ಕರೆದೆ ಅಕ್ಕಾ. ಬರಲ್ಲ ಅಂದ್ಲು."

"ಅವಳು ಅಂದಿದ್ದು ಸರಿಯಾಗೇ ಇದೆ," ಎಂದಳು ಟೈಪಿಸ್ಟಕ್ಕ. ಟೈಲರ್ ಹೋದ ಮೇಲೂ ಬಹಳ ಹೊತ್ತು ಅವಳ ಮನಸ್ಸು ಕೆಲಸಕ್ಕೆ ಹತ್ತಲಿಲ್ಲ.