ಸುವಾರ್ತಾ ಬೇಡಿದ ಗುರುತು

ಹುನಗುಂದದ ದವಾಖಾನೆಯ ನರ್ಸ್ ಸುವಾರ್ತಾ ತಮ್ಮಂದಿರನ್ನು ಓದಿಸುವುದರಲ್ಲೇ ನಲವತ್ತು ದಾಟಿದ್ದಳು. ಹೆಂಡತಿ ತೀರಿಕೊಂಡಿದ್ದ ಇಳಕಲ್ಲಿನ ದರ್ಜಿ ದೇವಪುತ್ರಪ್ಪ ಮದುವೆಯ ಮಾತೆತ್ತಿದಾಗ ಅವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ದೇವರ ಚಿತ್ತ ತಿಳಿಯಲೆಂದು ದಿನವೂ ಮೊಣಕಾಲೂರಿ ಒಂದು ಗುರುತು ಬೇಡಿದಳು. ಯಾವ ಗುರುತೂ ಕಾಣಲಿಲ್ಲ.

ಒಂದು ಭಾನುವಾರ ಆರಾಧನೆ ಮುಗಿಸಿ ಬಂದು ತಾಯಿ ಕರುಣವ್ವನ ಮುಂದೆ ಹೇಳಿಕೊಂಡಳು.

"ದೇವಪುತ್ರಪ್ಪ ಕೆಟ್ಟಂವೇನ?" ತಾಯಿ ಕೇಳಿದಳು.

"ಇಲ್ಲಬೇ. ದಿಕ್ಕಿಲ್ಲದ ಪೇಶಂಟರಿಗೆ ರೊಟ್ಟಿ ತಂದು ಕೊಡ್ತಾನ."

"ನಿನ್ನ ಮನಸಿನ್ಯಾಗ ಏನೈತಿ?"

ಸುವಾರ್ತಾ ತಲೆ ತಗ್ಗಿಸಿದಳು. "ಅಂವ ಬಂದ್ರ ಜೀವ ಹಗರ ಅನಸ್ತೈತಿ."

"ಮತ್ತ ಅದನ್ನೂ ದೇವರ ಕೊಟ್ಟಾನಲ್ಲವಾ? ಇನ್ನ ಯಾವ ಗುರುತು ಬೇಕು ನಿನಗ?"

ಅಂದು ಸುವಾರ್ತಾ ಏನನ್ನೂ ಬೇಡಲಿಲ್ಲ. ಸ್ತೋತ್ರ ಹೇಳಿ ಎದ್ದು, ದೇವಪುತ್ರಪ್ಪನಿಗೆ ಫೋನ್ ಹಚ್ಚಿದಳು: "ಮನಿಗೆ ಬರ್ರಿ. ಅವ್ವನ ಕೂಡ ಮಾತಾಡ್ರಿ."

ಈಗ ಅವಳು ಇಳಕಲ್ಲಿನಿಂದಲೇ ಬಸ್ಸಿನಲ್ಲಿ ಡ್ಯೂಟಿಗೆ ಓಡಾಡುತ್ತಾಳೆ. ಸಂಜೆ ಮನೆಗೆ ಬರುವ ಹೊತ್ತಿಗೆ ದೇವಪುತ್ರಪ್ಪ ಚಹಾಕ್ಕೆ ಇಟ್ಟಿರುತ್ತಾನೆ.