ಟಿ.ವಿ. ನುಂಗಿದ ಒಂದು ಗೇಣು

ಬೆಳಿಗ್ಗೆ ಆರಕ್ಕೆ ಐದು ನಿಮಿಷ. ಸೂರ್ಯನಿಗೇ ಇನ್ನೂ ಹಾಸಿಗೆ ಬಿಡುವ ಮನಸ್ಸಿಲ್ಲ. ಬದನೆ ಮಾಮ ಆಗಲೇ ಪೂರ್ವದ ಕಿಟಕಿಗೆ ಮೇಜು ಎಳೆದುಕೊಂಡು ಕೂತಿದ್ದಾರೆ. ಈ ಸ್ಟುಡಿಯೋದ ಲಿಫ್ಟ್ ಕೆಟ್ಟು ಎಷ್ಟು ಕಾಲವಾಯಿತೆಂದರೆ ಅದರೊಳಗೆ ಜೇಡಗಳ ಏಳನೇ ತಲೆಮಾರು ಸಂಸಾರ ಹೂಡಿದೆ. ತೊಂಬತ್ತಾರು ಮೆಟ್ಟಿಲು. ಅರವತ್ತೊಂದರ ಮಾಮ ಹತ್ತುವುದನ್ನು ಕಂಡರೆ ಮೇಕೆ ನಾಚಬೇಕು. ಪತ್ರಿಕೆಗೆ ಬರೆಯಲೆಂದು ಹಿಂದೆ ಬಂದ ನಾನು ಎರಡನೇ ಮಹಡಿಯಲ್ಲೇ ಉಯಿಲು ಬರೆಯಲು ಕಾಗದ ಹುಡುಕುತ್ತೇನೆ.

ಬಣ್ಣ ಕಲಸಿ, ಚೂರು ಕಾಗದಕ್ಕೆ ಹಚ್ಚಿ, ಒಣಗುವವರೆಗೆ ಕಾಯುತ್ತಾರೆ. ಒದ್ದೆಯಿದ್ದಾಗ ಒಂದು ಹಸಿರು, ಒಣಗಿದರೆ ಇನ್ನೊಂದು. "ಅಕ್ಕ ಆರರಿಂದ ಒಂಬತ್ತರವರೆಗೆ ಮಾತ್ರ ಬಣ್ಣ ಹಾಕೋಳು. ಅದೇ ಬೆಳಕಲ್ಲೇ ಕಲಸಬೇಕು ಸಾರ್. ದೀಪದ ಬೆಳಕಲ್ಲಿ ಕಲಸಿದ್ರೆ ಸುಳ್ಳು ಹೇಳುತ್ತೆ."

ಬೆಂಕಿ ಆರಿಸುವ ಆಮೆಯನ್ನು ಟಿ.ವಿ.ಯಲ್ಲಿ ನೋಡದ ಮಗು ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಅದು ಪೈಪು ಎಳೆದುಕೊಂಡು ಬರುವಷ್ಟರಲ್ಲಿ ಬೆಂಕಿ ಆರಿ, ಮನೆ ಮತ್ತೆ ಕಟ್ಟಿ, ಸುಣ್ಣಬಣ್ಣವೂ ಆಗಿರುತ್ತದೆ. ಹದಿನಾರು ವರ್ಷ ಓಡಿದ ಆ ಕಾರ್ಟೂನು ಈಗ ದೊಡ್ಡ ಪರದೆಯ ಸಿನಿಮಾ ಆಗುತ್ತಿದೆ. ಆಮೆಯನ್ನು ಬರೆದವರು ಬೇರೆ. ಅದು ನಡೆಯುವ ಬೀದಿ, ಗೋಡೆ, ಮೆಟ್ಟಿಲು, ಆಕಾಶಕ್ಕೆ ಗೆರೆ ಹಾಕಿದ್ದು ಮಾಮ. ಬಣ್ಣ ತುಂಬಿದ್ದು ಮಾಮನ ಅಕ್ಕ. ಅಕ್ಕ ತೀರಿಕೊಂಡು ಹದಿನಾಲ್ಕು ತಿಂಗಳು.

ಹೊಸಬರು ಸಿನಿಮಾಕ್ಕೆಂದು ಕಂಪ್ಯೂಟರಿನಲ್ಲಿ ಬೀದಿ ಮಾಡಿದರು. ನಿರ್ದೇಶಕಿಗೆ ಒಪ್ಪಿಗೆಯಾಗಲಿಲ್ಲ, ಅಕ್ಕನ ಚಿತ್ರಗಳೇ ಬೇಕು ಎಂದರು. ಹಾಗೆ ಉಗ್ರಾಣದಿಂದ ಕೆಳಗಿಳಿದವು ನಾನೂರ ಹನ್ನೆರಡು ರಟ್ಟುಗಳು. ಟಿ.ವಿ. ಚೌಕ, ಸಿನಿಮಾ ಅಗಲ. ಕ್ಯಾಮೆರಾ ಸರಿದಾಡಲು ಇರಲಿ ಎಂದು ರಟ್ಟಿನ ಎಡಬಲಕ್ಕೆ ಒಂದೊಂದು ಗೇಣು ಹೆಚ್ಚಿಗೆ ಬಣ್ಣ ಬಳಿದಿರುತ್ತಾರೆ. ಮನೆಯಲ್ಲಿ ನೋಡುವವರಿಗೆ ಅದು ಕಾಣುವುದೇ ಇಲ್ಲ. ಇವರ ಬಾಯಲ್ಲಿ ಅದು 'ಟಿ.ವಿ. ನುಂಗೋ ಜಾಗ'. ಸಿನಿಮಾಕ್ಕೆ ಆ ಗೇಣೂ ಬೇಕಾಯಿತು. ಅಲ್ಲಿನ ಕಲೆ, ಕೊಳೆ ಮುಚ್ಚುವ ಕೆಲಸ ಮಾಮನ ಪಾಲಿಗೆ ಬಂತು.

"ಮೊದಲ ಏಳರಲ್ಲೂ ಎಡಗಡೆ ಚಿಕ್ಕ ಮಚ್ಚೆ ಇತ್ತು. ಇವಳು ಕುಂಚ ಒರೆಸಿದ್ದಾಳೆ ಅಂತ ಬೈಕೊಂಡೇ ಬಳಿದುಬಿಟ್ಟೆ. ಎಂಟನೇದು ಸ್ವಲ್ಪ ದೊಡ್ಡದು. ಅದಕ್ಕೆ ಮೂಗಿತ್ತು ಸಾರ್. ನನ್ನ ಮೂಗು."

ಆ ಮೂಗಿನ ಬಗ್ಗೆ ಹೇಳಲೇಬೇಕು. ತಿರುವಿನಲ್ಲಿ ಮೊದಲು ಮೂಗು ಬರುತ್ತದೆ, ಮಾಮ ಬರುವುದು ಅರ್ಧ ಗಂಟೆ ತಡವಾಗಿ. ಬದನೆ ಎಂದು ಹೆಸರಿಟ್ಟವಳು ಅಕ್ಕನೇ. ತಾಯಿ ಹೋದಾಗ ಇವರಿಗೆ ಐದು, ಅಕ್ಕನಿಗೆ ಹದಿಮೂರು. ಸಾಕಿದವಳು, ಇದ್ದಿಲು ಹಿಡಿಸಿ ಗೆರೆ ಎಳೆಸಿದವಳು, ಈ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕೂತವಳು ಅವಳೇ. "ಎದ್ದರೆ ಕುರ್ಚಿಗೆ ಕುರ್ಚಿ ತಗಲೋದು. 'ಲೋ ಬದನೆ, ಮೆತ್ತಗೆ ಏಳೋ' ಅನ್ನೋಳು. ಈಗ ಎಷ್ಟು ಹಿಂದಕ್ಕೆ ಸರಿದರೂ ಏನೂ ತಗಲಲ್ಲ."

ಹದಿನಾರು ವರ್ಷ, ಯಾರೂ ನೋಡದ ಆ ಗೇಣಿನಲ್ಲಿ, ಅಕ್ಕ ತಮ್ಮನನ್ನು ಹೆಬ್ಬೆರಳ ಗಾತ್ರಕ್ಕೆ ಬರೆದು ಗೋಳು ಹುಯ್ದುಕೊಂಡಿದ್ದಾಳೆ. ಒಂದರಲ್ಲಿ ಬಾತುಕೋಳಿ ಅಟ್ಟಿಸಿಕೊಂಡು ಬರುತ್ತಿದೆ, ಇನ್ನೊಂದರಲ್ಲಿ ತಲೆಕೆಳಗಾಗಿ ಡ್ರಮ್ಮಿಗೆ ಬಿದ್ದಿದ್ದಾರೆ. "ಇನ್ನೂರ ಮೂರನೇದರಲ್ಲಿ ಎಮ್ಮೆ ಜೊತೆ ಮದುವೆ ಫೋಟೋ ತೆಗೆಸ್ಕೋತಿದ್ದೀನಿ. ಮನೇಲಿ ಹೇಳಿದೆ. 'ನಿಮ್ಮಕ್ಕ ನನ್ನನ್ನೂ ಬರೆದಿದ್ದಾರೆ ಅಂತಾಯ್ತು' ಅಂದ್ಲು ನನ್ನ ಹೆಂಡ್ತಿ." ನಗುತ್ತಾರೆ. ನಗು ಕಣ್ಣಿನವರೆಗೆ ಹೋಗುವುದಿಲ್ಲ.

ನಿರ್ದೇಶಕಿ ಕೆಟ್ಟವರೇನಲ್ಲ, ಆಮೆಯನ್ನು ನೋಡಿಕೊಂಡೇ ಬೆಳೆದವರು. "ಉಳಿಸೋಣ ಅಂತಾನೇ ಇದ್ದೆ. ನಲವತ್ತು ಮಕ್ಕಳಿಗೆ ಒಂದು ತುಣುಕು ತೋರಿಸಿದ್ವಿ. ಒಂದಾದ್ರೂ ಆಮೆ ನೋಡ್ಬೇಕಲ್ಲ! 'ಆ ಮೂಗಿನ ಮಾಮ ಯಾರು?' ಅಂತ ಅದೊಂದೇ ಪ್ರಶ್ನೆ." ಹಾಗಾಗಿ ಎಲ್ಲವನ್ನೂ ಅಳಿಸಬೇಕು. ಅಕ್ಕನ ಬಣ್ಣಕ್ಕೆ ಬಣ್ಣ ಕೂಡಿಸಬಲ್ಲ ಕೈ ಇರುವುದು ಒಂದೇ. ರಟ್ಟುಗಳು ಕಂಪನಿಯ ಸ್ವತ್ತು. ಸಿನಿಮಾದ ಗುಟ್ಟು ಹೊರಗೆ ಹೋಗಬಾರದೆಂದು ಫೋನುಗಳನ್ನೆಲ್ಲ ಬಾಗಿಲಲ್ಲೇ ಡಬ್ಬಿಗೆ ಹಾಕಿಸಿಕೊಳ್ಳುತ್ತಾರೆ. ಫೋಟೋ ಇಲ್ಲ, ನಕಲು ಇಲ್ಲ. ನಿರ್ದೇಶಕಿ ಒಂದು ಮಾತು ಕೊಟ್ಟಿದ್ದಾರೆ: "ಒಂದನ್ನ ಉಳಿಸ್ಕೊಳ್ಳಿ ಮಾಮ. ಯಾವುದು ಅಂತ ನೀವೇ ಆರಿಸಿ."

ದಿನಕ್ಕೆ ಮೂರರಂತೆ ಐದು ತಿಂಗಳಾಯಿತು. ಆರಿಸಿಲ್ಲ. ಆ ಅಪ್ಪಣೆಯನ್ನು ಕೊನೆಯ ರಟ್ಟಿಗೆಂದು ಇಟ್ಟುಕೊಂಡಿದ್ದಾರೆ. "ಆಸ್ಪತ್ರೆಗೆ ಸೇರೋ ಹಿಂದಿನ ದಿನ ಮುಗಿಸಿದ್ದು ಅದನ್ನ. ಅದರಲ್ಲಿ ಏನಾದ್ರೂ ಹೇಳಿರ್ತಾಳೆ." ಮುಂದಿನ ರಟ್ಟನ್ನು ಇಣುಕಿಯೂ ನೋಡುವುದಿಲ್ಲ. "ಕದ್ದು ನೋಡಿದ್ರೆ ಅವಳಿಗೆ ಗೊತ್ತಾಗಿಬಿಡುತ್ತೆ."

ಇವತ್ತು ಉಳಿದಿರುವುದು ಎರಡು. ಮೊದಲನೆಯದರಲ್ಲಿ ಪುಟಾಣಿ ಮಾಮ ಬೆಂಚಿನ ಮೇಲೆ ಮಲಗಿದ್ದಾನೆ. ಯಾರೋ ಕತ್ತಿನವರೆಗೆ ಹೊದಿಕೆ ಹೊದಿಸಿದ್ದಾರೆ. ಮಾಮ ಬಹಳ ಹೊತ್ತು ನೋಡುತ್ತಾರೆ.

"ಇದನ್ನೇ ಉಳಿಸ್ಕೊಳ್ಳಿ" ಎನ್ನುತ್ತೇನೆ.

"ಇನ್ನೊಂದಿದೆಯಲ್ಲ ಸಾರ್."

ಮೊದಲು ಕಾಲು, ಆಮೇಲೆ ಹೊದಿಕೆ, ಕೊನೆಗೆ ಮೂಗು. ಇಪ್ಪತ್ತು ನಿಮಿಷದಲ್ಲಿ ಅಲ್ಲಿ ಬರೀ ಬೆಂಚು.

ಕೊನೆಯ ರಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಬೆಳಕಿಗಿಡುತ್ತಾರೆ. ಬೀದಿಯ ತುದಿ, ಹಳದಿ ಗೋಡೆ. ಎಡಗಡೆಯ ಗೇಣಿನಲ್ಲಿ ಯಾರೂ ಇಲ್ಲ. ಬಲಗಡೆ ನೋಡುತ್ತಾರೆ. ಹಿಂದೆ ತಿರುಗಿಸಿ ನೋಡುತ್ತಾರೆ. ಭೂತಗನ್ನಡಿ ಹಿಡಿಯುತ್ತಾರೆ. ಬರೀ ಗೋಡೆ.

 

"ಕೈ ನಡುಗ್ತಿತ್ತು ಅವಳಿಗೆ ಆಗ" ಎನ್ನುತ್ತಾರೆ ಮಾಮ. "ಗೋಡೆ ಮುಗಿಸೋದ್ರಲ್ಲೇ ಸಾಕಾಗಿರುತ್ತೆ." ಮೂಗು ಒರೆಸಿಕೊಳ್ಳುತ್ತಾರೆ. "ಐದು ತಿಂಗಳು ಕಾಯಿಸಿ ಕೊನೆಗೂ ನನ್ನ ಬಕ್ರಾ ಮಾಡಿದ್ಲು ನೋಡಿ."

ಒಂದು ಉಳಿಸುವ ಅಪ್ಪಣೆ ಇನ್ನೂ ಇದೆಯಲ್ಲ, ನೀವೇ ಅಕ್ಕನನ್ನು ಅಲ್ಲಿ ಬರೆಯಿರಿ ಎನ್ನುತ್ತೇನೆ. ಮಾಮ ಕುಂಚ ತೊಳೆಯುತ್ತಾರೆ, ಬಟ್ಟೆಯಲ್ಲಿ ಒರೆಸುತ್ತಾರೆ, ಬಣ್ಣಕ್ಕೆ ಅದ್ದುವುದಿಲ್ಲ.

"ಬೇಡ ಸಾರ್. ಮಿಕ್ಕ ಎಲ್ಲಾದರಲ್ಲೂ ಎಡಗಡೆ ನನ್ನ ಬಣ್ಣ ಕೂತಿದೆ. ಎಲ್ಲಿ ಅಂತ ಯಾರೂ ತೋರಿಸೋಕಾಗಲ್ಲ, ಹಾಗೆ ಕೂಡಿಸಿದ್ದೀನಿ. ಇದೊಂದೇ ಪೂರ್ತಿ ಅವಳದು. ಮುಟ್ಟಲ್ಲ."

ಆ ಗೋಡೆ ಪರದೆಯ ಮೇಲೆ ಇರುವುದು ಮೂರು ಸೆಕೆಂಡು. ಬಿಡುಗಡೆಯ ದಿನ ಎಡಗಡೆ ತುದಿಯ ಸೀಟು ಸಿಕ್ಕರೆ ಸಾಕಂತೆ ಮಾಮನಿಗೆ.

"ಎಲ್ರೂ ಆಮೆ ನೋಡ್ಲಿ. ನಾನು ಗೋಡೆ ನೋಡ್ತೀನಿ."