ಹಜರತಸಾಬ ಜೋಡಿಸಿದ ಕೆಂಪು ವಾಯರ್

ಬೈಲಹೊಂಗಲದ ಬಸ್‌ಸ್ಟ್ಯಾಂಡಿನ ಎದುರು, ತಗಡಿನ ಚಪ್ಪರದ ಅಂಗಡಿಯಲ್ಲಿ ಹಜರತಸಾಬ ಮೂವತ್ತೆಂಟು ವರ್ಷ ತಾಮ್ರದ ತಂತಿ ಸುತ್ತಿದ. ಪಂಪಿನ ಮೋಟಾರು, ಲಾರಿಯ ಡೈನಮೊ, ಸಿನಿಮಾ ಟೆಂಟಿನ ಫ್ಯಾನು, ಸುಟ್ಟದ್ದೆಲ್ಲ ಅವನ ಮುಂದೆ ಬಂದು ಬೀಳುತ್ತಿತ್ತು. ಅವನು ರಿಪೇರಿ ಮಾಡಿ ಕಳಿಸಿದ ಸಾಮಾನು ಅದೇ ದೋಷಕ್ಕೆ ಎರಡನೇ ಸಲ ಬಂದದ್ದಿಲ್ಲ ಎಂಬ ಮಾತು ಕಿತ್ತೂರಿನಿಂದ ರಾಮದುರ್ಗದವರೆಗೆ ಡ್ರೈವರುಗಳ ಬಾಯಲ್ಲಿತ್ತು. ಹೊಲವಿಲ್ಲ, ಮನೆ ಬಾಡಿಗೆಯದು. ಗಳಿಸಿದ್ದು ಎಂದರೆ ಆ ಹೆಸರು ಒಂದೇ.

ಎಪ್ಪತ್ತನಾಲ್ಕನೇ ಇಸವಿಯ ಹೊತ್ತಿಗೆ ಹೆಸರು ಹೊಸದಾಗಿಯೇ ಇತ್ತು, ಮನುಷ್ಯ ಸವೆದಿದ್ದ. ಕತ್ತು ಬಗ್ಗಿಸಿದರೆ ಎತ್ತಲಾಗದು, ಕೂತರೆ ಏಳಲಾಗದು. ಹೆಂಡತಿ ಖತಿಜಾಬಿ ಅಂಗಡಿ ಮುಚ್ಚಿ ಮನೆಯಲ್ಲಿ ಬಿದ್ದುಕೊಳ್ಳಿ ಎಂದು ದಿನಾ ಬೈಯುತ್ತಿದ್ದಳು. ಮುಚ್ಚುವುದಕ್ಕೂ ಒಂದಿಷ್ಟು ಹುರುಪು ಬೇಕಲ್ಲ, ಅವನಲ್ಲಿ ಅದೂ ಉಳಿದಿರಲಿಲ್ಲ.

ಒಂದು ಬುಧವಾರ ಅಂಗಡಿಯ ಮುಂದೆ ಜರ್ಮನಿಯ ಹಳೇ ವ್ಯಾನು ಬಂದು ನಿಂತಿತು. ಹೊರಗಿನಿಂದ ಗಾಡಿ, ಒಳಗೆ ಪೂರಾ ಮನೆ: ಮಲಗಲು ಹಲಗೆ, ಸ್ಟೋ, ನಳ, ಫ್ಯಾನು, ಔಷಧದ ಕಪಾಟು. ಊರೂರು ತಿರುಗಿ ಕುಷ್ಠರೋಗಿಗಳನ್ನು ಹುಡುಕಿ ಗುಳಿಗೆ ಕೊಡುವ ಸಂಸ್ಥೆಯೊಂದರ ಗಾಡಿ ಅದು. ನರ್ಸ್ ಇಂದ್ರವ್ವ ತಿಂಗಳಿನ ಇಪ್ಪತ್ತು ದಿನ ಅದರಲ್ಲೇ ಇರುತ್ತಿದ್ದಳು, ಡ್ರೈವರ್ ಬಾಬಾಜಾನ ಹೊರಗೆ ಚಾಪೆ ಹಾಸಿ ಮಲಗುತ್ತಿದ್ದ. ನಿಂತ ಊರಿನಲ್ಲಿ ವಾಯರ್ ಎಳೆದು ಪ್ಲಗ್ಗಿಗೆ ಹಾಕಿದರೆ, ಊರ ಕರೆಂಟನ್ನು ಬ್ಯಾಟರಿಯ ಮಟ್ಟಕ್ಕೆ ಇಳಿಸುವ ಕನ್ವರ್ಟರ್ ಪೆಟ್ಟಿಗೆಯೊಂದು ದೀಪ, ಫ್ಯಾನು ನಡೆಸುತ್ತಿತ್ತು. ಆ ಪೆಟ್ಟಿಗೆ ಸುಟ್ಟಿತ್ತು. ಅಂಥದ್ದು ಹುಬ್ಬಳ್ಳಿಯಲ್ಲೂ ಸಿಗುವುದಿಲ್ಲ ಎಂದು ಎಲ್ಲರೂ ಕೈ ಚೆಲ್ಲಿದ್ದರು.

"ಚಾಚಾ, ಸಂಜೀಕ ಮುನವಳ್ಳಿ ಮುಟ್ಟಬೇಕ್ರಿ, ಲಗೂನ ಮಾಡಿಕೊಡ್ರಿ" ಎಂದ ಬಾಬಾಜಾನ.

"ಲಗೂ ಬೇಕಂದ್ರ ಇಪ್ಪತ್ತ ವರ್ಷದ ಹಿಂದ ಬರಬೇಕಿತ್ತೋ" ಎಂದು ಹಜರತಸಾಬ ಗೊಣಗುತ್ತ ಒಳಗೆ ಹೊಕ್ಕ.

ಹಳೇ ಪೆಟ್ಟಿಗೆಯನ್ನು ಬಿಚ್ಚಿ ನೋಡಬೇಕಿತ್ತು. ಕತ್ತು ಒಲ್ಲೆ ಎಂದಿತು. ಮೂರು ವಾಯರ್ ಕತ್ತರಿಸಿ ಪೆಟ್ಟಿಗೆಯನ್ನು ಹೊರಗೆಸೆದ. ತಾನೇ ಸುತ್ತಿದ್ದ ಟ್ರಾನ್ಸ್‌ಫಾರ್ಮರು ಕೂರಿಸಿ ಹೊಸ ಪೆಟ್ಟಿಗೆ ಕಟ್ಟಿದ. ಗಾಡಿಯ ಒಳಗಿನಿಂದ ಬಂದ ವಾಯರುಗಳು ಕಪ್ಪು, ಬೂದಿ, ಕೆಂಪು. ನಮ್ಮ ಕಡೆ ಕೆಂಪು ಎಂದರೆ ಕರೆಂಟು ಹರಿಯುವ ವಾಯರ್, ಇದನ್ನು ಯಾರೂ ಯಾರಿಗೂ ಕಲಿಸಬೇಕಿಲ್ಲ. ಅವನ ಕೈ ತಾನಾಗಿಯೇ ಕೆಂಪನ್ನು ಕರೆಂಟಿಗೆ, ಕಪ್ಪನ್ನು ನ್ಯೂಟ್ರಲ್ಲಿಗೆ, ಉಳಿದ ಬೂದಿಯನ್ನು ಅರ್ಥಿಂಗಿಗೆ ಹಾಕಿತು. ದೀಪ ಹತ್ತಿತು. ಕೊನೆಗೆ ಕೆಳಗಿಳಿದು ಗಾಡಿಯ ಮೈಗೆ ಟೆಸ್ಟರ್ ಮುಟ್ಟಿಸಿ ನೋಡುವುದು ಅವನ ಮೂವತ್ತೆಂಟು ವರ್ಷದ ರೂಢಿ. ಆವತ್ತು ಸಾಕಾಗಿಹೋಗಿತ್ತು, ಬಾಬಾಜಾನ ಹಾರ್ನ್ ಬೇರೆ ಹೊಡೆಯುತ್ತಿದ್ದ. ಪ್ಲಗ್ ಕಿತ್ತು ಕಳಿಸಿಬಿಟ್ಟ.

ಶುಕ್ರವಾರ ಬೆಳಿಗ್ಗೆ, ತಾಮ್ರವಾದರೂ ಸಿಕ್ಕೀತೆಂದು ಆ ಹಳೇ ಪೆಟ್ಟಿಗೆಯ ಮುಚ್ಚಳ ತೆಗೆದ. ಕೆಂಪು ವಾಯರಿನ ತುದಿ ಒಳಗಿನ ಯಾವ ಸುರುಳಿಗೂ ಹೋಗಿರಲಿಲ್ಲ. ಪೆಟ್ಟಿಗೆಯ ತಗಡಿಗೇ ಸ್ಕ್ರೂ ಹಾಕಿ ಬಿಗಿದಿದ್ದರು. ಹಜರತಸಾಬ ಅದನ್ನು ಬೆರಳಿನಿಂದ ಎರಡು ಸಲ ಎಳೆದು ನೋಡಿದ. ಆ ಜರ್ಮನಿಯವರಿಗೆ ಕೆಂಪೇ ಅರ್ಥಿಂಗು, ಅದರ ಇನ್ನೊಂದು ತುದಿ ಗಾಡಿಯ ತಗಡಿಗೆ. ಅಂದರೆ ಗಾಡಿಯ ಮೈಗೆ ಅಂಟಿದ ವಾಯರಿಗೆ ತಾನು ಊರ ಕರೆಂಟು ಕೊಟ್ಟು ಕಳಿಸಿದ್ದೇನೆ. ಬರಿಗಾಲಲ್ಲಿ ನಿಂತು, ಒದ್ದೆ ಕೈಯಲ್ಲಿ ಬಾಗಿಲು ಹಿಡಿದರೆ ಇಂದ್ರವ್ವ ಉಳಿಯುವುದಿಲ್ಲ.

ಅವನು ಅಂಗಡಿಯ ಬಾಗಿಲನ್ನೂ ಹಾಕದೆ ಮುನವಳ್ಳಿಗೆ ಹೊರಟ. ಯರಗಟ್ಟಿಯಲ್ಲಿ ಬಸ್ಸು ಬದಲಿಸಬೇಕು, ಅಲ್ಲಿ ಒಂದೂವರೆ ತಾಸು ಬಸ್ಸೇ ಇಲ್ಲ. ಕಲ್ಲಿನ ಮೇಲೆ ಕೂತು ಅಲ್ಲಾಹನಿಗೆ ಒಂದೇ ಮಾತು ಹೇಳಿಕೊಂಡ: ನಾನು ಊರು ಮುಟ್ಟುವ ತನಕ ಆ ಹೆಣ್ಣುಮಗಳನ್ನು ಕಾಪಾಡು. ಬಸ್ಸು ಹತ್ತಿದ ಮೇಲೆ ಇನ್ನೊಂದು ಆಸೆಯೂ ಸದ್ದಿಲ್ಲದೆ ಪಕ್ಕದಲ್ಲಿ ಬಂದು ಕೂತಿತು. ಏನೂ ಆಗಿರದಿದ್ದರೆ ಯಾರಿಗೂ ತಿಳಿಯುವುದು ಬೇಡ. ಈ ವಯಸ್ಸಿನಲ್ಲಿ ಆ ಹೆಸರೂ ಹೋದರೆ ತನ್ನ ಹತ್ತಿರ ಏನು ಉಳಿದೀತು?

ಮುನವಳ್ಳಿಯ ಚಾವಡಿಯ ಪಕ್ಕ, ಬೇವಿನ ಮರದ ಕೆಳಗೆ ವ್ಯಾನು ನಿಂತಿತ್ತು. ಹಜರತಸಾಬ ಮೊದಲು ಚಾವಡಿಗೆ ನುಗ್ಗಿ ಗೋಡೆಯ ಪ್ಲಗ್ ಕಿತ್ತ. ಆಮೇಲೆ ನೋಡಿದರೆ ಇಂದ್ರವ್ವ ಮರದ ಕೆಳಗೆ ಸ್ಟೂಲಿನ ಮೇಲೆ ಕೂತಿದ್ದಳು, ಕಾಲಲ್ಲಿ ರಬ್ಬರ್ ಚಪ್ಪಲಿ. ಅವಳನ್ನು ಉಳಿಸಿದ್ದು ಆ ಚಪ್ಪಲಿಯೇ. ಅವನು ಕಿತ್ತ ವಾಯರನ್ನು ಸುತ್ತುತ್ತ ವ್ಯಾನಿನ ಹತ್ತಿರ ಬಂದ.

"ಯಾಕ್ರಿ ಚಾಚಾ, ಇಷ್ಟ ದೂರ ಬಂದ್ರಿ?"

"ಒಂದ ನಟ್ ಬಿಗಿ ಮಾಡೂದ ಉಳದಿತ್ತರಿ ಅಕ್ಕಾರ. ಬಾಬಾಜಾನ ಎಲ್ಲಿ?"

"ನಮಾಜಿಗೆ ಹೋಗ್ಯಾನ್ರಿ."

ನೋಡುವವರು ಯಾರೂ ಇಲ್ಲ. ಒಳಗೆ ಕೂತು ಅರ್ಧ ತಾಸಿನಲ್ಲಿ ವಾಯರುಗಳನ್ನು ಸರಿಯಾಗಿ ಬದಲಿಸಿದ. ಕಿಟಕಿಯಿಂದ ಇಂದ್ರವ್ವನ ಕೆಲಸ ಕಾಣುತ್ತಿತ್ತು. ಮುದುಕನೊಬ್ಬನಿಗೆ ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯನ್ನು ಅವನ ಕೈಗೆ, ಬೆನ್ನಿಗೆ ಮುಟ್ಟಿಸಿ, ಮುಟ್ಟಿದ್ದೆಲ್ಲಿ ತೋರಿಸು ಎನ್ನುತ್ತಿದ್ದಳು. ತೋರಿಸಲು ಆಗದ ಕಡೆ ರೋಗ ಇದೆ ಎಂದರ್ಥ. ಮುದುಕ ಎಲ್ಲವನ್ನೂ ಸರಿಯಾಗಿ ತೋರಿಸಿ, ಬದುಕಿದೆನಪ್ಪಾ ಎಂದು ಎದ್ದು ಹೋದ.

ಹಜರತಸಾಬ ಪ್ಲಗ್ ಹಾಕಿ, ಗಾಡಿಯ ಮೈಗೆ ಟೆಸ್ಟರ್ ಮುಟ್ಟಿಸಿ ನೋಡಿದ. ಟೆಸ್ಟರ್ ಹತ್ತಲಿಲ್ಲ. ಮುಗಿಯಿತು, ಇನ್ನು ಮೂರೂವರೆಯ ಬಸ್ಸು ಹಿಡಿದರಾಯಿತು ಎಂದು ಚೀಲ ಹೆಗಲಿಗೇರಿಸಿದ.

"ಚಾಚಾ, ಒಂದೀಟ ನಿಂದರ್ರಿ" ಎಂದಳು ಇಂದ್ರವ್ವ. ದನಿ ಸಣ್ಣದಾಗಿತ್ತು. ಹತ್ತಿಯ ಎಳೆಯನ್ನು ಅವನ ಕೈಗಿಟ್ಟು, ತನ್ನ ಬಲಗೈಯನ್ನು ಅಂಗೈ ಮೇಲಾಗಿ ಚಾಚಿದಳು. "ನಾ ಕಣ್ಣ ಮುಚ್ಚತೇನಿ. ನೀವು ಈ ಬೆರಳಿಗೆ ಮುಟ್ಟಸ್ರಿ. ನನಗ ನಾನ ಮಾಡಿಕೊಂಡ್ರ ಖರೆ ತಿಳಿಯಂಗಿಲ್ಲ."

"ಯಾಕ್ರಿ ಅಕ್ಕಾರ?"

"ಎರಡ ದಿನಾ ಆತು, ಬೆರಳ ಜುಮ್ ಜುಮ್ ಅನ್ನಾಕ ಹತ್ಯಾವ. ಗಾಡಿ ಹತ್ತೂವಾಗ, ಇಳಿಯೂವಾಗ. ಹದಿನೆಂಟ ವರ್ಷ ಇವರ ಕೈಕಾಲು ಮುಟ್ಟೇನಿ. ಹಿಂಗ ಶುರು ಆಗತೈತಿ, ನನಗ ಗೊತ್ತೈತಿ. ಬಾಬಾಜಾನನ ಮುಂದ ಹೇಳಲಿಲ್ಲ. ಹೇಳಿದ್ರ ನಾ ಕೊಟ್ಟ ಚಾ ಕುಡದಾನೇನ್ರಿ? ಮನಿಗೆ ಹೋದ್ರ ಮಗಳನ್ನ ಹೆಂಗ ಎತ್ತಿಕೊಳ್ಳಲಿ?"

ಅವಳು ಕಣ್ಣು ಮುಚ್ಚಿಕೊಂಡು ಕಾದಳು. ಎರಡು ದಿನ ನಿದ್ದೆ ಮಾಡಿರದ ಮುಖ.

ಹಜರತಸಾಬನ ಕೈಯಲ್ಲಿ ಹತ್ತಿ ಹಾಗೇ ಉಳಿಯಿತು. ಸುಮ್ಮನೆ ಮುಟ್ಟಿಸಿಬಿಡಬಹುದು. ಅವಳು ಸರಿಯಾಗಿ ತೋರಿಸುತ್ತಾಳೆ, ನಾಳೆಯಿಂದ ಜುಮ್ಮೆನ್ನುವುದೂ ಇಲ್ಲ. ಆದರೆ ಇವತ್ತು ಇಲ್ಲದ್ದು ನಾಳೆ ಬಂದೀತೆಂದು ವರ್ಷಗಟ್ಟಲೆ ಈಕೆ ತನ್ನ ಬೆರಳನ್ನು ತಾನೇ ನೋಡಿಕೊಳ್ಳುತ್ತ ಕೂರುತ್ತಾಳೆ. ಅವನಿಗೆ ತನ್ನ ಮೇಲೆ ಅಸಹ್ಯವಾಯಿತು. ಹತ್ತಿಯ ಎಳೆಯನ್ನು ಸ್ಟೂಲಿನ ಮೇಲಿಟ್ಟ.

"ಕಣ್ಣ ತಗೀರಿ ಅಕ್ಕಾರ. ನಿಮಗ ಏನೂ ಆಗಿಲ್ಲ. ಅದು ಕರೆಂಟು. ಕೆಂಪ ವಾಯರ್ ನಾ ತಪ್ಪ ಹಾಕಿದ್ನಿ, ಗಾಡಿ ಮೈಗೆಲ್ಲಾ ಕರೆಂಟು ಬಂದಿತ್ತು. ನಟ್ ಅಂದದ್ದು ಸುಳ್ಳ. ನೀವು ಸಾಯತಿದ್ರಿ, ನಾ ಕೊಂದಿರತಿದ್ನಿ."

ಬೈಗುಳಕ್ಕೆ ಕಾದು ತಲೆ ತಗ್ಗಿಸಿ ನಿಂತ. ಇಂದ್ರವ್ವ ಬೈಯಲಿಲ್ಲ. ಚಾಚಿದ ಕೈಯನ್ನು ಎಳೆದುಕೊಂಡು ಎದೆಗೊತ್ತಿ ಹಿಡಿದಳು, ಕಣ್ಣಿಂದ ನೀರು ಇಳಿಯತೊಡಗಿತು.

"ಖರೇನ ನಿಮ್ಮದ ತಪ್ಪೇನ್ರಿ ಚಾಚಾ?"

"ಹೌದರಿ."

"ಮತ್ತೊಮ್ಮೆ ಹೇಳ್ರಿ."

ನಮಾಜು ಮುಗಿಸಿದ ಬಾಬಾಜಾನ ಆಗಲೇ ಚಾವಡಿಯ ಕಟ್ಟೆಯ ಹತ್ತಿರ ಬಂದಿದ್ದ, ಜೊತೆಗೆ ಊರಿನ ನಾಲ್ಕು ಜನ. ಹಜರತಸಾಬ ಅವರನ್ನು ನೋಡಿದ. ಇವಳನ್ನು ನೋಡಿದ.

"ನಂದ ತಪ್ಪು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ.